ಹಳ್ಳದ ದಂಡೆಯ ಹತ್ತು ಮಾರು

ನನಗೆ ಫಾರೆಸ್ಟ್ ಗಾರ್ಡ್ ನೌಕರಿಯ ಆದೇಶ ಬಂದ ದಿನ ನಮ್ಮ ಸೋದರಮಾವ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ: “ಸಿಂದಗಿ ತಾಲೂಕಿನ್ಯಾಗ ಅಡವಿ ಎಲ್ಲೈತೋ? ನೀ ಹೋಗಿ ಏನ್ ಕಾಯಾಂವ?”

ಅವನು ಕೇಳಿದ್ದು ತಪ್ಪಲ್ಲ. ಮುದ್ದೇಬಿಹಾಳದಿಂದ ಸಿಂದಗಿಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು. ಎರಡೂ ಕಡೆ ಕರಿಮಣ್ಣಿನ ಎರಿ ಹೊಲ, ತೊಗರಿ, ಹತ್ತಿ, ಜೋಳ. ಬದುವಿನ ಮೇಲೆ ಒಂದೊಂದು ಬೇವು, ರಸ್ತೆ ಬದಿಗೆ ಹುಣಸೆ, ಹಳ್ಳ ಬಂದಲ್ಲಿ ಜಾಲಿಯ ಕಂಟಿ. ಇಷ್ಟೇ ನಮ್ಮ ಅಡವಿ. ಊರಿನ ದನ ಮೇಯುವ ಗಾಯರಾಣ, ಬೆಳೆ ಬಾರದ ಮಡ್ಡಿ, ಕೆರೆಯ ಹಿಂಭಾಗ, ಹಳ್ಳದ ದಂಡೆ, ಕಾಲುವೆಯ ಬದಿ. ಯಾರಿಗೂ ಬೇಡವಾದ ನೆಲವನ್ನೆಲ್ಲ ಕೂಡಿಸಿ ನಮ್ಮ ಕೈಗೆ ಕೊಟ್ಟಿದ್ದರು.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ನೀವೂ ಮಾವ ಕೇಳಿದ ಪ್ರಶ್ನೆಯನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರುತ್ತೀರಿ. ನಾನು ಯಾವಾಗ ಫಾರೆಸ್ಟರ್ ಆದೆ, ಯಾವ ಊರಿನಲ್ಲಿ ಎಷ್ಟು ವರ್ಷ ಇದ್ದೆ ಅನ್ನುವುದರಿಂದ ನಿಮಗೇನೂ ಉಪಯೋಗವಿಲ್ಲ. ನಾನು ತಪ್ಪಿದ್ದು ಎಲ್ಲಿ, ತಿದ್ದಿದವರು ಯಾರು ಅನ್ನುವುದನ್ನು ಬರೆಯುತ್ತೇನೆ. ನಾವು ನೆಡುವ ಗಿಡದ ಬುಡದಿಂದ ಹರಿದು ಹೋದ ನೀರನ್ನು ಕೆಳಗೆ ಯಾರೋ ಒಬ್ಬಳು ಕೊಡದಲ್ಲಿ ತುಂಬಿಕೊಂಡು ಮನೆಗೆ ಒಯ್ಯುತ್ತಾಳೆ. ಇದು ನನಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದವಳು ನೀಲವ್ವ.

ನನ್ನ ಮೊದಲ ಠಿಕಾಣಿ ಮೋರಟಗಿ ಕಡೆ ಒಂದು ಸಣ್ಣ ಊರು. ಅದರ ಹೆಸರು ಬರೆಯುವುದಿಲ್ಲ. ನನ್ನ ತಪ್ಪಿನಿಂದ ಆ ಊರಿನವರು ಪಟ್ಟ ಕಷ್ಟವನ್ನು ನಾನು ಹೇಳಲಿರುವಾಗ ಅವರ ಊರಿನ ಹೆಸರು ಯಾಕೆ ಎಳೆಯಲಿ. ಊರ ಮೇಲ್ಗಡೆ ಗಾಯರಾಣ, ಅದರ ನಡುವೆ ಹಳ್ಳ, ಹಳ್ಳ ಹೋಗಿ ಸೇರುವುದು ಒಂದು ಕೆರೆಗೆ. ಕೆರೆಯ ಒಡ್ಡಿನ ಕೆಳಗೆ ಕುಡಿಯುವ ನೀರಿನ ಸೇದುವ ಬಾವಿ. ಆಗ ಊರಿಗೆ ನಳ ಇರಲಿಲ್ಲ. ಹಳ್ಳದ ಪಕ್ಕದಲ್ಲೇ ನಮ್ಮ ಸಸಿಮಡಿ.

ನೀಲವ್ವ ಅಲ್ಲಿ ದಿನಗೂಲಿಯ ಮೇಲೆ ಚೀಲಕ್ಕೆ ಮಣ್ಣು ತುಂಬುತ್ತಿದ್ದಳು. ಐವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ನಿಂತೇ ಮಾತಾಡುವ ಹೆಂಗಸು. ಯಾರು ನೀರು ಕೊಟ್ಟರೂ ಮೊದಲು ಮೂಗಿನ ಹತ್ತಿರ ಹಿಡಿದು ಆಮೇಲೆ ಬಾಯಿಗೆ ಹಾಕುತ್ತಿದ್ದಳು. ಅವಳ ಬಗ್ಗೆ ನಾನು ಮೊದಲು ಗಮನಿಸಿದ್ದೇ ಅದು.

ನಾನು ಸೇರಿ ತಿಂಗಳಾಗಿರಬೇಕು. ಸಸಿಗಳಿಗೆ ಗೆದ್ದಲು ಹತ್ತಿತ್ತು. ಔಷಧಿ ಕಲಸಿ ಹೊಡೆದೆವು. ಕೆಲಸ ಮುಗಿದ ಮೇಲೆ ನಾನು ಡಬ್ಬಿ, ಬಕೀಟು, ಪಂಪು ಎಲ್ಲ ಒಯ್ದು ಹಳ್ಳದ ಮಡುವಿನಲ್ಲಿ ತೊಳೆಯುತ್ತ ಕೂತೆ. ನೀರಿನ ಮೇಲೆ ಬಿಳಿ ನೊರೆ ಹರಡಿತು.

“ಏ ತಮ್ಮಾ, ಏನ್ ತೊಳ್ಯಾಕತ್ತಿ?”

“ಡಬ್ಬಿ ಬೇ. ಔಷಧದ್ದು.”

ಅವಳು ದಂಡೆ ಇಳಿದು ಬಂದು ನನ್ನ ಮುಂದೆ ನಿಂತಳು. “ಹಂಗಾರ ಅಲ್ಲೇ ಒಂದ್ ಬೊಗಸಿ ಎತ್ತಿ ಕುಡಿ. ನಾ ನೋಡ್ತೇನಿ.”

ನಾನು ನಕ್ಕೆ. ಅವಳು ನಗಲಿಲ್ಲ.

“ನೀ ಕುಡ್ಯಾಕ ಒಲ್ಲಿ. ಕೆಳಗ ನನ್ನ ಸೊಸಿ ಇದನ್ನ ಸೇದತಾಳ. ನಾ ಕುಡೀತೇನಿ. ಮಂದಿಗೆ ಏನ್ ಹೇಳ್ಲಿ?”

ಮಡುವಿನಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲತೊಡಗಿದ್ದವು. ನಾನು ನೋಡುತ್ತಿದ್ದಂತೆ ಒಂದು, ಆಮೇಲೆ ನಾಕೈದು. ಆ ಮಡುವಿಗೆ ಹರಿವು ಇರಲಿಲ್ಲ, ಅದೊಂದು ಪುಣ್ಯ. ನೀಲವ್ವ ಗುದ್ದಲಿ ತಂದಳು. ಇಬ್ಬರೂ ಕೂಡಿ ಮಡುವಿನ ಬಾಯಿಗೆ ಮಣ್ಣು ಹಾಕಿ ಕಟ್ಟಿದೆವು. ಆ ನೀರಿಗೆ ದನ ಇಳಿಯದಂತೆ ಸುತ್ತಲೂ ಮುಳ್ಳು ಬಡಿದೆವು. ಬರುವ ದಾರಿಯಲ್ಲೆಲ್ಲ ಅವಳು ದನಕಾಯುವವರನ್ನು ಕೂಗಿ ಕೂಗಿ ಹೇಳಿದಳು: “ಗಾರ್ಡ್ರು ನೀರಿಗೆ ಔಷಧ ಕಲಸ್ಯಾರ, ಆ ಕಡೆ ಹೊಡಿಬ್ಯಾಡ್ರೋ!” ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮರುದಿನ ಹಳ್ಳದಿಂದ ದೂರ, ಮಡ್ಡಿಯ ಮೇಲೆ ಔಷಧದ ಡಬ್ಬಿ ತೊಳೆಯಲಿಕ್ಕೆ ಒಂದು ತಗ್ಗು ತೋಡಿಸಿದೆ. ನಾನು ನಿವೃತ್ತನಾಗುವವರೆಗೆ ಯಾವ ಸಸಿಮಡಿಗೆ ಹೋದರೂ ಮೊದಲು ಆ ತಗ್ಗು ತೋಡಿಸಿ ಆಮೇಲೆ ಉಳಿದ ಕೆಲಸ.

ಆ ದಿನದಿಂದ ನೀಲವ್ವ ನನಗೆ ಹಳ್ಳ ತೋರಿಸತೊಡಗಿದಳು. ಕಲಿಸುತ್ತೇನೆ ಅಂತ ಅವಳು ಅಂದುಕೊಂಡಿರಲಿಲ್ಲ. ಮಧ್ಯಾಹ್ನ ಈಚಲ ನೆರಳಿನಲ್ಲಿ ರೊಟ್ಟಿ ಬಿಚ್ಚುತ್ತಿದ್ದೆವು. ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಒಮ್ಮೊಮ್ಮೆ ಅವಳ ಸೊಸೆ ಶಾಂತಾ ಕಟ್ಟಿಕೊಟ್ಟ ಪುಂಡಿಪಲ್ಯ. ಉಣ್ಣುತ್ತ ಕೈ ಚಾಚಿ ಹೇಳುತ್ತಿದ್ದಳು. ದೊಡ್ಡ ಮಳೆಯ ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಒಂದು ಜಾಗ ತೋರಿಸಿದಳು. ಗಾಯರಾಣದಿಂದ ಕೆಂಪು ನೀರು ಸಗಣಿ, ಕಸ ಹೊತ್ತುಕೊಂಡು ಇಳಿಯುತ್ತಿತ್ತು. ದಂಡೆಯಲ್ಲಿ ಲಕ್ಕಿ ಗಿಡ, ಜಾಲಿ, ಆಪು ಹುಲ್ಲು, ಕರಿಕೆ ಹೆಣೆದುಕೊಂಡು ಬೆಳೆದಿದ್ದವು. ಆ ಹೆಣಿಗೆಯ ಒಳಗೆ ಹೋದ ನೀರಿನ ಓಟ ನಿಂತು, ಆ ಕಡೆ ಹಳ್ಳಕ್ಕೆ ಇಳಿಯುವಾಗ ಬಣ್ಣ ಕಳೆದುಕೊಂಡಿರುತ್ತಿತ್ತು.

“ಸೋಸೂ ಅರಿವಿ ಇದ್ದಂಗ ನೋಡ ಇದು,” ಅಂದಳು. “ಹರೀತಂದ್ರ ಎಲ್ಲಾ ಕೊಡಕ್ಕ ಬೀಳತೈತಿ.”

ಆ ಎರಡು ವರ್ಷ ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ಮೊದಲ ಮಳೆಗೆ ಮಣ್ಣಿನ ವಾಸನೆ ಎದ್ದಾಗ ಹೆಂಗಸರು ಸೀರೆ ಎತ್ತಿ ಕಟ್ಟಿ, ಬುಟ್ಟಿ ತುಂಬ ಸಸಿ ಹೊತ್ತು ಮಡ್ಡಿ ಏರುತ್ತಿದ್ದ ಸಾಲು. ಸಸಿ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೀಲವ್ವ ಹಿಮ್ಮಡಿಯಿಂದ ಒತ್ತಿ ನೋಡುತ್ತಿದ್ದ ರೀತಿ. ನಿವೃತ್ತಿಯ ದಿನ ಹಾರ, ಶಾಲು ಎಲ್ಲ ಆದ ಮೇಲೆ ಮನೆಗೆ ಬಂದು ಕೂತಾಗ, ಇನ್ನೊಂದು ಮಳೆಗಾಲ ಆ ಮಡ್ಡಿಯ ಮೇಲೆ ಸಿಕ್ಕರೆ ಸಾಕಿತ್ತು ಅನ್ನಿಸಿತು.

ಆದರೆ ಆ ಸುಖವನ್ನು ನನ್ನ ಕೈಯಾರೆ ಕೆಡಿಸಿದವನೂ ನಾನೇ.

ಮೂರನೆಯ ವರ್ಷ ಬೇಸಿಗೆಯಲ್ಲಿ ನಮ್ಮ ರೇಂಜರ್ ಕಟ್ಟಿಮನಿ ಸಾಹೇಬರು ಬಂದರು. ಬಿಗಿ ಮನುಷ್ಯ. ಸಾಲು ಸೊಟ್ಟಗಿದ್ದರೆ ನೆಟ್ಟ ಗಿಡ ಕೀಳಿಸಿ ಮತ್ತೆ ನೆಡಿಸುತ್ತಿದ್ದರು. ಹಳ್ಳದ ಎರಡೂ ಕಡೆಯ ಜಾಲಿ, ಕಂಟಿ ಎಲ್ಲ ತೆಗೆದು, ಮಷಿನ್ ಹಚ್ಚಿ ನೆಲ ಉತ್ತು, ನೀರಿನ ಅಂಚಿನ ತನಕ ಸಾಲಾಗಿ ಗಿಡ ಹಚ್ಚಬೇಕು ಅಂತ ಆದೇಶ ಮಾಡಿದರು. ಕೆಲಸದ ಹಾಳೆಗೆ ಅವರ ಸಹಿ ಬಿತ್ತು, ಕೆಳಗೆ ನನ್ನದೂ ಬಿತ್ತು.

ಅವರ ಜೀಪು ಹೋದ ಮೇಲೆ ನೀಲವ್ವ ಬಂದಳು.

“ಎಲ್ಲಾ ಕಡೀತೀರೇನ್ರಿ?”

“ಸಾಹೇಬ್ರ ಹುಕುಂ ಐತಿ ಬೇ.”

“ಎರಡೂ ದಂಡಿಗೆ ಹತ್ಹತ್ತು ಮಾರು ಬಿಡಾಕ ಹೇಳ್ರಿ. ಮ್ಯಾಲ ಬೇಕಾದ್ದ ಮಾಡ್ಕೋರಿ. ಹತ್ತ ಮಾರು.”

ಅವಳ ಮಾತು ಖರೆ ಅಂತ ನನಗೆ ಗೊತ್ತಿತ್ತು. ಎರಡು ವರ್ಷ ಕಣ್ಣಾರೆ ನೋಡಿದ್ದೆ. ಆದರೂ ಸಾಹೇಬರ ಹತ್ತಿರ ಹೋಗಿ ಕೇಳಲಿಲ್ಲ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಅವರಿಗೆ ಎದುರು ಮಾತಾಡಿದವರ ಗತಿ ಕೇಳಿದ್ದೆ. ಇವೆಲ್ಲ ನೆಪ. ಸಿಂದಗಿಗೆ ಹೋಗಿ ಅವರ ಬಾಗಿಲಲ್ಲಿ ನಿಂತು ಒಂದು ಮಾತು ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಮಷಿನ್ ಮೂರು ದಿನ ಓಡಾಡಿತು. ದಂಡೆ ಬೋಳಾಯಿತು. ನೋಡಲಿಕ್ಕೆ ಎಷ್ಟು ಸ್ವಚ್ಛ ಕಾಣುತ್ತಿತ್ತು ಅಂದರೆ, ಹಾದು ಹೋಗುವವರು ನಿಂತು ಹೊಗಳಿದರು. ನೀಲವ್ವ ಆ ಮೂರು ದಿನ ಕೆಲಸಕ್ಕೆ ಬರಲಿಲ್ಲ.

ಮೃಗಶಿರದ ಮಳೆ ಒಂದೇ ಹೊಡೆತಕ್ಕೆ ಬಂತು. ಉತ್ತ ನೆಲ ಕರಗಿ ಹಳ್ಳಕ್ಕೆ ಇಳಿಯಿತು. ಗಾಯರಾಣದ ಸಗಣಿ, ಗಲೀಜು ತಡೆಯುವವರಿಲ್ಲದೆ ನೇರ ಕೆರೆಗೆ ಹೋಯಿತು. ಕೆರೆ ತುಂಬಿ, ಒಡ್ಡಿನ ಬದಿಯಿಂದ ಹೊರಳಿದ ನೀರು ಬಾವಿಗೆ ನುಗ್ಗಿತು. ಮರುದಿನ ಬಾವಿಯ ಹತ್ತಿರ ಹೋದೆ. ಹೆಂಗಸರು ಕೊಡ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು. ಸೇದಿದ ನೀರು ರಾಗಿ ಅಂಬಲಿಯಂತೆ ದಪ್ಪಗಿತ್ತು. ಅರಿವೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಅದನ್ನೇ ಒಯ್ದರು. ಬೇರೆ ನೀರು ಎಲ್ಲಿತ್ತು?

ವಾರದೊಳಗೆ ಓಣಿಯಲ್ಲಿ ವಾಂತಿಭೇದಿ ಶುರುವಾಯಿತು. ಶಾಂತಾ ಆಗ ಏಳು ತಿಂಗಳ ಬಸುರಿ. ಅವಳನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಸಿಂದಗಿ ದವಾಖಾನೆಗೆ ಒಯ್ದರು ಅಂತ ಕೇಳಿ ಸೈಕಲ್ ತುಳಿದುಕೊಂಡು ಹೋದೆ. ನೀಲವ್ವ ಹೊರಗೆ ಗೋಡೆಗೆ ಒರಗಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ನೀ ಸಾಹೇಬಗ ಒಂದ್ ಮಾತು ಕೇಳಬೇಕಿತ್ತು ತಮ್ಮಾ,” ಅಂದಳು.

ಅಷ್ಟು ಅಂದು ಒಳಗೆ ಹೋದಳು. ಐದು ದಿನ ಶಾಂತಾ ಸಲಾಯಿನ್ ಮೇಲೆ ಇದ್ದಳು. ಆರನೆಯ ದಿನ ಡಾಕ್ಟರು, ತಾಯಿ ಮತ್ತು ಹೊಟ್ಟೆಯಲ್ಲಿನ ಕೂಸು ಇಬ್ಬರೂ ಉಳಿದರು ಅಂತ ಹೇಳಿದಾಗ ನಾನು ಹೊರಗೆ ಬಂದು ಬೇವಿನ ಗಿಡದ ಮರೆಗೆ ನಿಂತು ಅತ್ತೆ.

ಅಲ್ಲಿಂದ ನೇರ ಊರಿಗೆ ಹೋದೆ. ಬಾವಿಯ ನೀರನ್ನು ಒಂದು ಗಾಜಿನ ಬಾಟ್ಲಿಗೆ ತುಂಬಿಕೊಂಡು ಮತ್ತೆ ಸಿಂದಗಿಗೆ ಬಂದು ಕಟ್ಟಿಮನಿ ಸಾಹೇಬರ ಟೇಬಲ್ ಮೇಲೆ ಇಟ್ಟೆ.

“ಏನಿದು?”

“ನಾವು ದಂಡಿ ಕಡಿಸಿದ್ವಲ್ರಿ, ಆ ಊರಿನ ಕುಡಿಯೂ ನೀರ್ರಿ.” ಆಮೇಲೆ ಎಲ್ಲವನ್ನೂ ಹೇಳಿದೆ. ನೀಲವ್ವ ಹೇಳಿದ್ದು, ನಾನು ಕೇಳದೆ ಬಿಟ್ಟಿದ್ದು, ದವಾಖಾನೆ.

ಅವರು ನನ್ನನ್ನು ಹೋಗು ಅನ್ನಲಿಲ್ಲ. ಕಾಗದ ನೋಡುತ್ತ ಕೂತರು. ನಾನು ನಿಂತೇ ಇದ್ದೆ. ಊಟದ ಹೊತ್ತಾಯಿತು, ಅವರು ಏಳಲಿಲ್ಲ. ಬಾಟ್ಲಿಯ ನೀರು ನಿಧಾನಕ್ಕೆ ತಿಳಿಯಾಗಿ, ತಳದಲ್ಲಿ ಎರಡು ಬೆರಳು ರಾಡಿ ಕೂತಿತು. ಆಗ ಅವರು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಈ ರಾಡಿ ಮ್ಯಾಲ ನಮ್ಮಿಬ್ರದೂ ಸಹಿ ಐತಿ,” ಅಂದರು. “ಆ ಹೆಣ್ಮಗಳ ಹೆಸರೇನಂದಿ?”

ಮರುದಿನ ಜೀಪು ಬಿಟ್ಟು ಮೋಟಾರ್ ಸೈಕಲ್ ಮೇಲೆ ಬಂದರು. ನೀಲವ್ವನ ಮನೆಯ ಮುಂದೆ ಬೂಟು ಕಳಚಿ ನಿಂತು, “ಅವ್ವಾರ, ಹತ್ತು ಮಾರು ಅಂದ್ರ ಎಲ್ಲೀತನಕ, ಬಂದು ತೋರಸ್ರಿ” ಅಂದರು. ಅಷ್ಟು ಬಿಗಿ ಮನುಷ್ಯ ಒಬ್ಬ ಕೂಲಿಯ ಹೆಂಗಸಿಗೆ ಹಾಗೆ ಕೇಳಿದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ. ನಾನು ಯಾರ ಯಾರ ಕೈಕೆಳಗೆ ಕೆಲಸ ಮಾಡಿದೆನೋ ಆ ಎಲ್ಲ ಅಧಿಕಾರಿಗಳಲ್ಲಿ ನನಗೆ ದೊಡ್ಡವರಾಗಿ ಉಳಿದವರು ಅವರೊಬ್ಬರೇ.

ನೀಲವ್ವ ಎರಡೂ ಕೈ ಚಾಚಿ ಮಾರು ಹಾಕುತ್ತ ದಂಡೆಯುದ್ದಕ್ಕೂ ನಡೆದಳು. ಅವಳ ಹಿಂದೆ ನಾನು ಸುಣ್ಣ ಉದುರಿಸುತ್ತ ಹೋದೆ. ಸಾಹೇಬರು ನೋಡುತ್ತ ಬಂದರು. ಆ ಸುಣ್ಣದ ಗೆರೆಯ ಒಳಗೆ ಮಷಿನ್ ಇಳಿಯಬಾರದು, ಕೊಡಲಿ ಬೀಳಬಾರದು, ಔಷಧ ತರಬಾರದು ಅಂತ ಅಲ್ಲೇ ನಿಂತು ಬರೆಸಿದರು.

ಬಾವಿಯ ರಾಡಿ ನೀರನ್ನೆಲ್ಲ ಊರವರು ತೋಡಿ ಹೊರಗೆ ಹಾಕಿದರು, ನಾವೂ ಕೈ ಹಚ್ಚಿದೆವು. ಆಮೇಲೆ ದಂಡೆಯ ಕೆಲಸ. ಕೆಡಿಸಲಿಕ್ಕೆ ಮೂರು ದಿನ ಸಾಕಾಗಿತ್ತು, ಕಟ್ಟಲಿಕ್ಕೆ ಎಷ್ಟು ಮಳೆಗಾಲ ಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಲಕ್ಕಿಯ ಕಡ್ಡಿ ಕಡಿದು ತಂದು ನೆಟ್ಟೆವು. ಹುಲಗಲದ, ಅಂದರೆ ಹೊಂಗೆಯ, ಬೀಜ ಊರಿದೆವು. ನೀಲವ್ವ ತನ್ನ ಹೊಲದ ಬದುವಿನಿಂದ ಕರಿಕೆಯ ಬೇರು ಕಿತ್ತು ಬುಟ್ಟಿಗಟ್ಟಲೆ ಹೊತ್ತು ತಂದಳು. ನೀರು ಓಡುವ ಕೊರಕಲಿಗೆಲ್ಲ ಅಡ್ಡ ಕಲ್ಲು ಜೋಡಿಸಿದೆವು. ಮಡ್ಡಿಯ ಮೇಲೆ ಮಷಿನ್ ಬದಲು ಗುದ್ದಲಿಯಿಂದ, ಇಳಿಜಾರಿಗೆ ಅಡ್ಡವಾಗಿ, ಅರ್ಧ ಚಂದ್ರದ ಆಕಾರದ ತಗ್ಗು ತೋಡಿದೆವು. ಸಾಲು ಸೊಟ್ಟಗಾಯಿತು. ಸಾಹೇಬರು ನೋಡಿ ಹಾಗೇ ಬಿಟ್ಟರು.

ಶಾಂತಾ ಹೆತ್ತಳು, ಹೆಣ್ಣು ಕೂಸು. ಬಾಣಂತಿತನ ಮುಗಿಸಿ ಅವಳೂ ಅತ್ತೆಯ ಜೊತೆ ಕೆಲಸಕ್ಕೆ ಬರತೊಡಗಿದಳು. ಅವಳು ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಲಿಲ್ಲ. ಅದು ಅವಳ ದೊಡ್ಡತನ.

ಎರಡನೆಯ ಮಳೆಗಾಲಕ್ಕೆ ಕರಿಕೆ ನೆಲ ಹಿಡಿಯಿತು. ಮೂರನೆಯ ಮಳೆಗಾಲದ ಮುಂಚೆ ನನಗೆ ಇಂಡಿಗೆ ವರ್ಗ ಬಂತು. ಹೋಗುವ ದಿನ ನೀಲವ್ವ ದಂಡೆ ಬಿಟ್ಟು ಮೇಲೆ ಬರಲಿಲ್ಲ. ಕೆಲಸದಲ್ಲಿದ್ದವಳು ಕೈ ಎತ್ತಿದಳು, ಅಷ್ಟೇ.

ಇಂಡಿಯ ಕಡೆ ಬೇರೆ ತರದ ಜಗಳ. ಕೆರೆಯ ಹಿಂದೆ ಬೆಳೆದ ಜಾಲಿಯನ್ನು ಕಡಿಯಲಿಕ್ಕೆ ಗುತ್ತಿಗೆ ಆಗಿತ್ತು. ಗುತ್ತಿಗೆದಾರನ ಟ್ರ್ಯಾಕ್ಟರುಗಳು ಕಟ್ಟಿಗೆ ಹೇರಿಕೊಂಡು ಹಳ್ಳದ ನೀರಿನಲ್ಲೇ ಹಾದು ಹೋಗುತ್ತಿದ್ದವು. ದಾರಿ ಹತ್ತಿರ ಆಗುತ್ತದೆ ಅಂತ. ಗಾಲಿ ಹಾದಲ್ಲೆಲ್ಲ ದಂಡೆ ಕುಸಿದು ನೀರು ಕದಡಿತ್ತು, ಮೇಲೆ ಡೀಸೆಲ್ಲಿನ ಬಣ್ಣ ತೇಲುತ್ತಿತ್ತು.

“ನೀರಿನ್ಯಾಗ ಹಾದು ಹೋದ್ರ ಗಾಲಿ ತೊಳೀತಾವು ಬಿಡ್ರಿ ಸಾಹೇಬ್ರ, ನೀರಿಗೇನ್ ಆಗತೈತಿ?” ಅಂತ ಅವನು ನಕ್ಕ.

ಈ ಸಲ ನಾನು ಸುಮ್ಮನಿರಲಿಲ್ಲ. ಹಳ್ಳ ಇಳಿಯುವ ದಾರಿಯ ನಡುವೆ ಕುರ್ಚಿ ಹಾಕಿಕೊಂಡು ಕೂತೆ. ಮೂರು ದಿನ ಕೂತೆ. ಅವನು ಮೇಲಿನವರಿಂದ ನಮ್ಮ ಆಫೀಸಿಗೆ ಫೋನ್ ಮಾಡಿಸಿದ. ಕುರ್ಚಿ ತೆಗಿ ಅಂತ ಆಫೀಸಿನಿಂದ ಹೇಳಿ ಕಳಿಸಿದರು. “ಬರವಣಿಗಿಯಾಗ ಕೊಡ್ರಿ, ತೆಗೀತೇನಿ” ಅಂದೆ. ಬರೆದು ಕೊಡಲಿಕ್ಕೆ ಯಾರೂ ತಯಾರಿರಲಿಲ್ಲ. ನಾಲ್ಕನೆಯ ದಿನ ಟ್ರ್ಯಾಕ್ಟರುಗಳು ಸುತ್ತು ಹಾಕಿ ಸೇತುವೆಯ ಮೇಲಿಂದ ಹೋದವು. ಆರು ತಿಂಗಳಿಗೆ, ಆ ಕುರ್ಚಿಯ ಕಾರಣಕ್ಕೇ, ನನಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಆ ವರ್ಗಕ್ಕೆ ನಾನು ಬೇಸರ ಪಡಲಿಲ್ಲ.

ಬಾಗೇವಾಡಿಯಲ್ಲಿದ್ದಾಗ ಒಂದು ದಿನ ಇಂಗಳೇಶ್ವರದ ಮಡ್ಡಿಯ ಮೇಲೆ ನಿಂತಿದ್ದೆ. ಮೊಬೈಲ್ ಹೊಸದಾಗಿ ಬಂದಿತ್ತು. ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ಗಾರ್ಡ್ರ, ನಾನ್ರಿ, ನೀಲವ್ವ. ಬಾವಿ ತಳದಾಗಿನ ಕಲ್ಲು ಕಾಣಾಕತ್ತಾವ್ರಿ. ಮಳಿ ಆಗಿ ಎರಡ ದಿನಾ ಆಗೈತಿ, ಕಲ್ಲು ಕಾಣಾಕತ್ತಾವು. ಬಂದ್ ನೋಡಿ ಹೋಗ್ರಿ.”

“ಮುಂದಿನ ವಾರ ಬರ್ತೇನ್ ಬೇ,” ಅಂದೆ.

ಹೋಗಲಿಲ್ಲ. ಆ ವಾರ ಹೂವಿನ ಹಿಪ್ಪರಗಿ ರಸ್ತೆಯ ಸಾಲುಗಿಡದ ಕೆಲಸ, ಮುಂದಿನ ವಾರ ಇನ್ನೇನೋ ತಪಾಸಣೆ. ಆಮೇಲೆ ಮುದ್ದೇಬಿಹಾಳ. ಹೀಗೆ ವರ್ಷಗಳು ಹೋದವು. ಸಿಂದಗಿಯ ಬಸ್ಸಿನಲ್ಲಿ ಹಾಯುವಾಗೆಲ್ಲ ಆ ಊರಿನ ಕ್ರಾಸಿಗೆ ಬಂದ ಕೂಡಲೇ ಕಿಟಕಿಯಿಂದ ಕುತ್ತಿಗೆ ಚಾಚುತ್ತಿದ್ದೆ. ರಸ್ತೆಯಿಂದ ಹಳ್ಳ ಕಾಣುವುದಿಲ್ಲ ಅಂತ ಗೊತ್ತಿದ್ದೂ ನೋಡುತ್ತಿದ್ದೆ. ನೌಕರಿಯಲ್ಲಿ ನಾನು ಕಳೆದುಕೊಂಡದ್ದು ಏನಾದರೂ ಇದ್ದರೆ ಆ ಒಂದು ವಾರ.

ಕೆಲಸದ ರೀತಿಯೂ ಬದಲಾಯಿತು. ಈಗ ನೆಟ್ಟ ಗಿಡದ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದರೆ ಯಾವ ಜಾಗ, ಯಾವ ವೇಳೆ ಅಂತ ಅದೇ ಬರೆದುಕೊಳ್ಳುತ್ತದೆ. ಒಳ್ಳೆಯದು, ಸುಳ್ಳು ಹೇಳಲಾಗುವುದಿಲ್ಲ. ಆದರೆ ನನ್ನದೊಂದು ಮಾತು ಕೇಳಿ. ಫೋಟೋ ತೆಗೆದ ಮೇಲೆ ಇಳಿಜಾರು ಹಿಡಿದು ಕೆಳಗೆ ನಡೆಯಿರಿ. ನೀರು ಸೇದುವವರು ಯಾರಾದರೂ ಸಿಗುವವರೆಗೆ ನಡೆಯಿರಿ. ಅವರನ್ನು ಕೇಳಿ.

ನಿವೃತ್ತನಾಗಿ ವರ್ಷ ತುಂಬಿದ ಮೇಲೆ, ಹೋದ ಬೇಸಿಗೆಯಲ್ಲಿ, ಕೊನೆಗೂ ಆ ಊರಿಗೆ ಹೋದೆ. ಬಸ್ ಇಳಿದು ಮೊದಲು ಹಳ್ಳಕ್ಕೇ ನಡೆದೆ. ಎರಡೂ ದಂಡೆಗೆ ಹುಲಗಲ ತಲೆ ಕೂಡಿಸಿ ನಿಂತಿದ್ದವು. ಕೆಳಗೆ ಲಕ್ಕಿ, ಆಪು, ಕಾಲಿಡಲಿಕ್ಕೆ ಜಾಗವಿಲ್ಲದಷ್ಟು. ಎಲ್ಲಿ ನಾವು ಕಲ್ಲು ಜೋಡಿಸಿದ್ದೆವು ಅಂತ ಹುಡುಕಿದೆ, ಸಿಗಲಿಲ್ಲ. ಹುಲ್ಲು ಎಲ್ಲವನ್ನೂ ಮುಚ್ಚಿತ್ತು. ಮಡುವಿನಲ್ಲಿ ಮೊಳಕಾಲು ಮಟ್ಟ ನೀರಿತ್ತು. ಒಂದು ತಾಸು ಅಲ್ಲೇ ಕೂತೆ.

ಶಾಂತಾ ನನ್ನನ್ನು ಬಾಗಿಲಲ್ಲೇ ಗುರುತಿಸಿದಳು. ತಲೆ ಬೆಳ್ಳಗಾಗಿತ್ತು, ನಗು ಅದೇ. “ಬರ್ರಿ ಅಣ್ಣಾ, ಈಗ ನೆನಪಾತೇನ್ರಿ?” ಅಂದಳು. ಆಮೇಲೆ ದನಿ ತಗ್ಗಿಸಿ, “ಅತ್ತಿಗೆ ಮಂದಿ ಗುರ್ತು ಸಿಗೂದಿಲ್ರಿ ಈಗ. ಬ್ಯಾಸರ ಮಾಡ್ಕೋಬ್ಯಾಡ್ರಿ” ಅಂದಳು.

ನೀಲವ್ವ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಇಷ್ಟೇ ಇಷ್ಟು ಆಗಿದ್ದಳು. ನಾನು ಪಕ್ಕದಲ್ಲಿ ಕೂತು, “ಹೆಂಗಿದ್ದೀರಿ ಬೇ ಯವ್ವಾ?” ಅಂದೆ.

“ಯಾವೂರಾಂವೋ ನೀ?”

“ಮುದ್ದೇಬಿಹಾಳ್ರಿ.”

ನನ್ನ ಮುಖ ನೋಡಿದಳು. ಆಮೇಲೆ ಪರ ಊರಿನವನಿಗೆ ಹೇಳುವಂತೆ ಹೇಳತೊಡಗಿದಳು. “ಇಲ್ಲೊಬ್ಬ ಗಾರ್ಡ್ ಇದ್ದಾ. ಅಂವನೂ ಆ ಕಡೆಯಾಂವನ. ಹುಡುಗ ಚಲೋ ಇದ್ದಾ, ಅಂಜುಬುರುಕ. ನಮ್ಮ ಹಳ್ಳದ ದಂಡಿ ಎಲ್ಲಾ ಬೋಳಿಸಿ ಬಿಟ್ಟಾ. ನನ್ನ ಸೊಸಿ ಸಾಯಾಕ ಬಿದ್ದಿದ್ಲು.”

ಶಾಂತಾ ಮುಖ ಸಣ್ಣದು ಮಾಡಿದಳು. “ಅತ್ತೀ, ಅವರ ಇವರು. ಆಮ್ಯಾಲ ಅವರ ಎಲ್ಲಾ ಹಚ್ಚಿಸಿದ್ರಲ್ಲ.”

ನೀಲವ್ವನ ಕಣ್ಣು ಒಮ್ಮೆಲೇ ಚುರುಕಾದವು. “ಅಂವ ಯಾವಾಗ ಹಚ್ಚಿದಾ? ಹಚ್ಚಿದ್ದು ನಾನು!”

“ಹೌದು ಬೇ,” ಅಂದೆ. “ಹಚ್ಚಿದ್ದು ನೀವ.”

ಅದು ಖರೆಯೂ ಆಗಿತ್ತು. ಅವಳಿಗೆ ಸಮಾಧಾನವಾಯಿತು. ಹಿಮ್ಮಡಿಯಿಂದ ಕಟ್ಟೆಯ ನೆಲ ಒತ್ತುತ್ತ ಅಂಗಳದ ಕಡೆ, ಆಕಾಶದ ಕಡೆ ನೋಡಿದಳು.

“ಮಳಿ ಬರೂದ್ರಾಗ ತಗ್ಗು ತೋಡಿ ಮುಗಿಸಬೇಕು. ನಾಳಿ ಕೆಲಸಕ್ಕ ಯಾರ್ ಯಾರ್ ಬರ್ತಾರ?”

ಶಾಂತಾ ಏನೋ ಹೇಳಲು ಹೋದಳು. ನಾನು ಕೈ ಸನ್ನೆ ಮಾಡಿದೆ.

“ನಾ ಬರ್ತೇನ್ ಬೇ.”

“ಬಿಸಲೇರಿದ ಮ್ಯಾಲ ಬರಬ್ಯಾಡ ಮತ್ತ. ಲಗೂನ ಬಾ.”

“ಲಗೂನ ಬರ್ತೇನಿ.”

ಸಂಜೆ ನಾಲ್ಕರ ಬಸ್ಸಿಗೆ ಮುದ್ದೇಬಿಹಾಳಕ್ಕೆ ಹೊರಡಬೇಕು ಅಂತ ಮನೆಯಲ್ಲಿ ಹೇಳಿ ಬಂದಿದ್ದೆ. ಶಾಂತಾ ಒಳಗೆ ಹೋಗಿ ಇನ್ನೊಂದು ಪಾವು ಹಿಟ್ಟು ನಾದತೊಡಗಿದಳು. ನಾನು ಮನೆಗೆ ಫೋನ್ ಮಾಡಿ, ನಾಳೆ ಇಲ್ಲೇ ಸ್ವಲ್ಪ ಕೆಲಸ ಇದೆ ಅಂದೆ.